ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ? ಆರು ಉತ್ತರಗಳು ಬಂದದ್ದೇಕೆ?

ಪ್ರಶ್ನೆ: ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಇರುವ ದೂರವನ್ನು ಹುಡುಕಿದಾಗ ಒಂದು ಕಡೆ 15,340, ಇನ್ನೊಂದು ಕಡೆ 15,349, ಮತ್ತೊಂದು ಕಡೆ 15,357 ಕಿಲೋಮೀಟರ್ ಎಂದು ಸಿಕ್ಕಿತು. ಮಗದೊಂದು ಕಡೆ ಬರಿಯ 9,537 ಎಂದಿತ್ತು. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಅಳೆದರೆ 20,000 ಕಿಲೋಮೀಟರಿಗೂ ಹೆಚ್ಚು ಬಂತು. ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ಒಂದು ದಿನದ ಹಾರಾಟ 16,200 ಕಿಲೋಮೀಟರಿನ ಆಸುಪಾಸಿನಲ್ಲಿತ್ತು. ನನ್ನ ಪ್ರಯಾಣಗಳಿಂದ ಆಗುವ ಇಂಗಾಲದ ಹೊರಸೂಸುವಿಕೆಯ ಲೆಕ್ಕ ಬರೆದಿಡಬೇಕೆಂದಿದ್ದೇನೆ. ಇವುಗಳಲ್ಲಿ ಯಾವ ಅಂಕಿಯನ್ನು ಬಳಸಲಿ?

ಉತ್ತರ: ನೀವು ಕೊಟ್ಟಿರುವ ಆರು ಅಂಕಿಗಳಲ್ಲಿ ನಿಜವಾಗಿ ತಪ್ಪಾದದ್ದು ಒಂದೇ, ಅದು ಭೂಪಟದ ಮೇಲೆ ಅಳೆದದ್ದು. ಉಳಿದ ಐದೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಾಗಿಯೇ ಇವೆ. ಆದರೆ ಅವು ಒಂದೇ ಪ್ರಶ್ನೆಗೆ ಉತ್ತರಗಳಲ್ಲ. ಎರಡು ನಿಲ್ದಾಣಗಳ ನಡುವೆ ನೆಲದ ಮೇಲಿನ ಅತಿ ಕಡಿಮೆ ಅಂತರ ಎಷ್ಟು ಎಂಬುದು ಒಂದು ಪ್ರಶ್ನೆ. ಇಂತಹ ದಿನ ಹೊರಟ ವಿಮಾನ ಎಷ್ಟು ದೂರ ಸಾಗಿತು ಎಂಬುದು ಇನ್ನೊಂದು. ಅದರ ಎಂಜಿನ್‌ಗಳು ಎಷ್ಟು ದೂರಕ್ಕೆ ಬೇಕಾಗುವಷ್ಟು ಇಂಧನ ಉರಿಸಿದವು ಎಂಬುದು ಮೂರನೆಯದು. ನಿಮ್ಮ ಇಂಗಾಲದ ಲೆಕ್ಕಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ.

ಮೊದಲು ಭೂಪಟದ ಅಂಕಿಯನ್ನು ನೋಡೋಣ. ಅದು ತಪ್ಪೆಂದು ತಿಳಿಯಲು ಯಾವ ಸೂತ್ರವೂ ಬೇಡ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆಗಿರುವುದರಿಂದ, ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರವು ಅದರ ಅರ್ಧವನ್ನು, ಅಂದರೆ 20,004 ಕಿಲೋಮೀಟರನ್ನು, ಮೀರಲಾರದು. ಎರಡು ವಿಮಾನ ನಿಲ್ದಾಣಗಳ ನಡುವೆ ಅದಕ್ಕಿಂತ ಹೆಚ್ಚಿನ ಅಂಕಿಯನ್ನು ಎಲ್ಲಿಯೇ ಕಂಡರೂ ಅದು ಸುತ್ತುಬಳಸಿನ ದಾರಿಯ ಉದ್ದವೇ ಹೊರತು ಅವುಗಳ ನಡುವಿನ ಅಂತರವಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು.

ಗೋಡೆಗೆ ತೂಗುಹಾಕುವ ಭೂಪಟಗಳಲ್ಲಿ ಹಲವು ಮರ್ಕೇಟರ್ ಎಂಬ ಭೂಪಟ ತಜ್ಞರು 1569ರಲ್ಲಿ ರೂಪಿಸಿದ ವಿಧಾನವನ್ನೇ ಅನುಸರಿಸುತ್ತವೆ. ಸಮುದ್ರಯಾನಿಗಳಿಗೆ ಅದು ದೊಡ್ಡ ವರವಾಗಿತ್ತು, ಏಕೆಂದರೆ ಅದರ ಮೇಲೆ ಎಳೆದ ಸರಳರೇಖೆ ದಿಕ್ಸೂಚಿಯ ಒಂದೇ ಕೋನವನ್ನು ಉದ್ದಕ್ಕೂ ಕಾಯ್ದುಕೊಳ್ಳುತ್ತದೆ. ಆದರೆ ಈ ಅನುಕೂಲಕ್ಕಾಗಿ ಧ್ರುವಗಳ ಕಡೆಗೆ ಹೋದಂತೆಲ್ಲ ನೆಲವನ್ನು ಹಿಗ್ಗಿಸಿ ತೋರಿಸಬೇಕಾಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಎರಡು ಪಟ್ಟು ಉದ್ದವಾಗಿ ಕಾಣುತ್ತದೆ. ಭೂಪಟದ ಮೂಲೆಯಲ್ಲಿ ಅಚ್ಚಾಗಿರುವ ಅಳತೆಪಟ್ಟಿ ಸಾಮಾನ್ಯವಾಗಿ ಸಮಭಾಜಕ ವೃತ್ತಕ್ಕೆ ಮಾತ್ರ ಸರಿಹೊಂದುತ್ತದೆ. ಹಾಗಾಗಿ ಸಿಂಗಾಪುರದಿಂದ ಪಶ್ಚಿಮಕ್ಕೆ ಶ್ರೀಲಂಕಾ, ಅರಬ್ಬೀ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ನ್ಯೂಯಾರ್ಕ್ ಮುಟ್ಟುವ ನಿಮ್ಮ ಸರಳರೇಖೆಯಲ್ಲಿ ಎರಡು ದೋಷಗಳು ಸೇರಿಕೊಂಡಿವೆ. ಅಳತೆಪಟ್ಟಿಯ ದೋಷವನ್ನು ಸರಿಪಡಿಸಿದರೂ ಆ ದಾರಿಯ ನಿಜವಾದ ಉದ್ದ ಸುಮಾರು 18,500 ಕಿಲೋಮೀಟರ್ ಆಗುತ್ತದೆ. ಅದು ಅತಿ ಹತ್ತಿರದ ದಾರಿಗಿಂತ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ.

ಹಾಗಾದರೆ ಅತಿ ಹತ್ತಿರದ ದಾರಿ ಎಲ್ಲಿದೆ? ಒಂದು ಗ್ಲೋಬನ್ನು ತೆಗೆದುಕೊಂಡು, ಸಿಂಗಾಪುರದ ಮೇಲೆ ಒಂದು ಬೆರಳಿನಿಂದ ದಾರವನ್ನು ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ನ್ಯೂಯಾರ್ಕ್‌ಗೆ ತಂದು ಬಿಗಿಯಾಗಿ ಎಳೆಯಿರಿ. ದಾರ ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ನೆಟ್ಟಗೆ ಉತ್ತರಕ್ಕೆ ಏರುತ್ತದೆ. ಥಾಯ್ಲೆಂಡ್ ಕೊಲ್ಲಿ, ಚೀನಾದ ನೈಋತ್ಯ ಭಾಗ, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ, ಉತ್ತರ ಧ್ರುವದಿಂದ ಸುಮಾರು 280 ಕಿಲೋಮೀಟರ್ ಅಂತರದಲ್ಲಿ ಹಾದು, ಗ್ರೀನ್‌ಲೆಂಡಿನ ವಾಯವ್ಯ ಅಂಚು, ಬ್ಯಾಫಿನ್ ದ್ವೀಪ ಮತ್ತು ಕ್ವಿಬೆಕ್‌ಗಳ ಮೇಲಿನಿಂದ ನ್ಯೂಯಾರ್ಕ್‌ಗೆ ಇಳಿಯುತ್ತದೆ. ಎರಡೂ ನಿಲ್ದಾಣಗಳ ರೇಖಾಂಶಗಳ ನಡುವೆ ಸುಮಾರು 177.8 ಡಿಗ್ರಿ ವ್ಯತ್ಯಾಸವಿದ್ದು, ಅವು ಭೂಮಿಯ ಎದುರುಬದುರು ಬದಿಗಳಲ್ಲಿರುವುದೇ ಇದಕ್ಕೆ ಕಾರಣ. ಭೂಮಿಯ ಕೇಂದ್ರವನ್ನೂ ಈ ಎರಡು ನಿಲ್ದಾಣಗಳನ್ನೂ ಒಳಗೊಳ್ಳುವಂತೆ ಭೂಮಿಯನ್ನು ಕೊಯ್ದರೆ ಮೇಲ್ಮೈಯಲ್ಲಿ ಮೂಡುವ ವೃತ್ತವನ್ನು ಮಹಾವೃತ್ತವೆನ್ನುತ್ತಾರೆ. ದಾರ ತೋರಿಸುವುದು ಅದರ ಚಿಕ್ಕ ಕಂಸವನ್ನು.

ನಿಮಗೆ ಸಿಕ್ಕ ಮೊದಲ ಮೂರು ಅಂಕಿಗಳೂ ಇದೇ ಕಂಸದ ಉದ್ದಗಳು. ಅವುಗಳಲ್ಲಿ 9 ಮತ್ತು 8 ಕಿಲೋಮೀಟರ್‌ಗಳ ವ್ಯತ್ಯಾಸ ಬಂದದ್ದು ಭೂಮಿಯ ಆಕಾರವನ್ನು ಹೇಗೆ ಭಾವಿಸಿಕೊಂಡರು ಎಂಬುದರಿಂದ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ತ್ರಿಕೋನಮಿತಿಯ ಸೂತ್ರಕ್ಕೆ ಹಾಕಿದರೆ, ಭೂಮಿಯ ಕೇಂದ್ರದಲ್ಲಿ ಅವುಗಳ ನಡುವೆ ಸುಮಾರು 137.95 ಡಿಗ್ರಿ ಕೋನ ಏರ್ಪಡುತ್ತದೆ ಎಂದು ತಿಳಿಯುತ್ತದೆ. ಈ ಕೋನದ ಬಗ್ಗೆ ಯಾರಿಗೂ ತಕರಾರಿಲ್ಲ. ಅದನ್ನು ದೂರಕ್ಕೆ ಪರಿವರ್ತಿಸಲು ಭೂಮಿಯ ತ್ರಿಜ್ಯ ಬೇಕು, ಭಿನ್ನಾಭಿಪ್ರಾಯ ಹುಟ್ಟುವುದು ಅಲ್ಲಿ. ಸರಾಸರಿ ತ್ರಿಜ್ಯವಾದ 6,371 ಕಿಲೋಮೀಟರನ್ನು ಹಿಡಿದರೆ 15,340 ಬರುತ್ತದೆ. ಸಮಭಾಜಕ ವೃತ್ತದ ಬಳಿಯ ತ್ರಿಜ್ಯವಾದ 6,378 ಕಿಲೋಮೀಟರನ್ನು ಹಿಡಿದರೆ 15,357 ಬರುತ್ತದೆ. ಎರಡೂ ಲೆಕ್ಕಗಳು ಭೂಮಿಯನ್ನು ಪರಿಪೂರ್ಣ ಗೋಳವೆಂದು ಎಣಿಸುತ್ತವೆ, ಆದರೆ ಭೂಮಿ ಹಾಗಿಲ್ಲ. ಕೇಂದ್ರದಿಂದ ಧ್ರುವಕ್ಕೆ ಇರುವ ದೂರವು ಕೇಂದ್ರದಿಂದ ಸಮಭಾಜಕ ವೃತ್ತಕ್ಕೆ ಇರುವ ದೂರಕ್ಕಿಂತ ಸುಮಾರು 21 ಕಿಲೋಮೀಟರ್ ಕಡಿಮೆ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ಸೇರಿಸಿದ ಮಾದರಿಗಳಲ್ಲಿ ಇಂದು ಜಗತ್ತಿನಾದ್ಯಂತ ವಿಮಾನಯಾನದಲ್ಲಿಯೂ ಜಿಪಿಎಸ್‌ನಲ್ಲಿಯೂ ಬಳಕೆಯಲ್ಲಿರುವುದು ಡಬ್ಲ್ಯುಜಿಎಸ್ 84. ಅದರಂತೆ ಎಣಿಸಿದಾಗ ಬರುವ ಉತ್ತರವೇ 15,349.

ಈ ಲೆಕ್ಕ ಕೇಳಿದಷ್ಟು ಸುಲಭದ್ದಲ್ಲ. ಚಪ್ಪಟೆಯಾದ ಗೋಳದ ಮೇಲೆ ದೂರ ಎಣಿಸಲು ವಿನ್ಸೆಂಟಿ ಎಂಬ ಭೂಮಾಪನ ತಜ್ಞರು 1975ರಲ್ಲಿ ಕೊಟ್ಟ ವಿಧಾನ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಎರಡು ಸ್ಥಳಗಳು ಭೂಮಿಯ ಹೆಚ್ಚುಕಡಿಮೆ ಎದುರು ತುದಿಗಳಲ್ಲಿದ್ದರೆ ಮಾತ್ರ ಅದು ಉತ್ತರಕ್ಕೆ ತಲುಪದೆ ಸುತ್ತುತ್ತಲೇ ಇರುತ್ತದೆ. ಆ ಕೊರತೆಯನ್ನು ನೀಗಿಸುವ ವಿಧಾನವನ್ನು ಕಾರ್ನಿ ಎಂಬುವರು 2013ರಲ್ಲಿ ಪ್ರಕಟಿಸಿದರು. ಬಹು ದೂರದ ನಿಲ್ದಾಣಗಳ ಲೆಕ್ಕ ಮಾಡುವವರು ತಾವು ಬಳಸುವ ಸಾಧನದಲ್ಲಿ ಯಾವ ವಿಧಾನವಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ದೂರವನ್ನು ನಗರದ ನಡುವಿನಿಂದ ಎಣಿಸಿದ್ದಾರೋ ವಿಮಾನ ನಿಲ್ದಾಣದಿಂದಲೋ ಎಂಬುದನ್ನೂ ಗಮನಿಸಬೇಕು. ನಿಲ್ದಾಣವೆಂದರೂ ಅದು ಹಲವು ಕಿಲೋಮೀಟರ್ ಹರಡಿಕೊಂಡ ಜಾಗ, ಆದ್ದರಿಂದ ಅದರ ಅಧಿಕೃತ ಸ್ಥಾನವಾಗಿ ಒಂದು ಗೊತ್ತಾದ ಬಿಂದುವನ್ನು ಆರಿಸಿಕೊಂಡಿರುತ್ತಾರೆ. ಒಂದೆರಡು ಕಿಲೋಮೀಟರ್‌ಗಳ ವ್ಯತ್ಯಾಸ ಅಲ್ಲಿಂದಲೂ ಬರುತ್ತದೆ.

9,537ರ ವಿಷಯ ಸರಳ, ಅದು ಮೈಲಿಗಳಲ್ಲಿ ಹೇಳಿದ ಅದೇ ದೂರ. ಪೈಲಟ್‌ಗಳನ್ನು ಕೇಳಿದ್ದರೆ ಅವರು ಸುಮಾರು 8,288 ಎನ್ನುತ್ತಿದ್ದರು, ಏಕೆಂದರೆ ಅವರ ಲೆಕ್ಕವೆಲ್ಲ 1.852 ಕಿಲೋಮೀಟರ್ ಉದ್ದದ ನಾಟಿಕಲ್ ಮೈಲಿಯಲ್ಲಿ ನಡೆಯುತ್ತದೆ. ಅಳತೆಯ ಮಾನವನ್ನು ನಮೂದಿಸದ ಅಂಕಿಯನ್ನು ಎಂದೂ ಬರೆದಿಟ್ಟುಕೊಳ್ಳಬೇಡಿ.

ಇನ್ನು 16,200. ನಿಜವಾದ ಹಾರಾಟವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಅಂಕಿಯ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ನೆಲದ ಮೇಲಿನ ಅತಿ ಕಡಿಮೆ ದೂರಕ್ಕೆ ಕೆಲವು ಹೆಚ್ಚುವರಿಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ವಿಮಾನವು 11 ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ಅದು ಸಾಗುವ ವೃತ್ತವೂ ಅಷ್ಟರಮಟ್ಟಿಗೆ ದೊಡ್ಡದು. ಹದಿನೈದು ಸಾವಿರ ಕಿಲೋಮೀಟರಿಗೆ ಇದರಿಂದ ಸೇರುವುದು ಬರಿಯ 26 ಕಿಲೋಮೀಟರ್ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಹೊರಡುವಾಗ ಗಾಳಿಗೆ ಎದುರಾದ ರನ್‌ವೇಯಿಂದ ಮೇಲೇರಿ ದಿಕ್ಕು ತಿರುಗಿಸುವುದು, ಇಳಿಯುವಾಗ ಉಳಿದ ವಿಮಾನಗಳ ಸಾಲಿಗೆ ಸೇರಲು ಬಳಸಿ ಬರುವುದು ಇವೆಲ್ಲ ಸೇರಿ ಇನ್ನೂ ಕೆಲವು ಹತ್ತು ಕಿಲೋಮೀಟರ್‌ಗಳಾಗುತ್ತವೆ. ಆದರೆ ಇಂತಹ ಚಿಕ್ಕ ಪುಟ್ಟ ಸೇರ್ಪಡೆಗಳಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುವುದಿಲ್ಲ. ನೀವು ಆ್ಯಪ್‌ನಲ್ಲಿ ನೋಡಿದ ದಿನ ವಿಮಾನ ಬಹುಶಃ ಧ್ರುವದ ಕಡೆಗೆ ಹೋಗಲೇ ಇಲ್ಲ. ಸಿಂಗಾಪುರದಿಂದ ಜಪಾನಿನ ಬಳಿಗೆ, ಅಲ್ಲಿಂದ ಪೆಸಿಫಿಕ್ ಸಾಗರದ ಉತ್ತರ ಭಾಗ ಮತ್ತು ಅಲಾಸ್ಕಾ, ಕೆನಡಾಗಳ ದಾರಿಯಾಗಿ ನ್ಯೂಯಾರ್ಕ್‌ಗೆ ಹೋದರೆ ಒಟ್ಟು ದೂರ ಸುಮಾರು 16,200 ಕಿಲೋಮೀಟರ್ ಆಗುತ್ತದೆ.

ಹತ್ತಿರದ ದಾರಿಯನ್ನು ಬಿಟ್ಟು ದೂರದ ದಾರಿಯನ್ನು ಏಕೆ ಹಿಡಿಯಬೇಕು? ಮುಖ್ಯ ಕಾರಣ ಗಾಳಿ. ಹತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಜೆಟ್ ಸ್ಟ್ರೀಮ್ ಎಂದು ಕರೆಯುವ ಕಿರಿದಾದ ಗಾಳಿಯ ಪ್ರವಾಹಗಳು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತವೆ. ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಸುಲಭವಾಗಿ ದಾಟುತ್ತದೆ. ಹೊಳೆಯ ಹರಿವಿನೊಂದಿಗೆ ಸಾಗುವ ದೋಣಿಯಂತೆ, ವಿಮಾನವು ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಒಂದೇ ವೇಗದಲ್ಲಿ ಸಾಗುತ್ತಿದ್ದರೂ ನೆಲಕ್ಕೆ ಹೋಲಿಸಿದರೆ ಗಾಳಿಯ ವೇಗವನ್ನೂ ಸೇರಿಸಿಕೊಂಡು ಓಡುತ್ತದೆ.

ಇದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ವಿಮಾನದ ವೇಗ ಗಾಳಿಯಲ್ಲಿ ಗಂಟೆಗೆ 900 ಕಿಲೋಮೀಟರ್ ಇರಲಿ. ಧ್ರುವದ ಬಳಿಯ ನೇರ ದಾರಿಯಲ್ಲಿ ಗಾಳಿಯ ನೆರವೂ ಇಲ್ಲ, ಅಡ್ಡಿಯೂ ಇಲ್ಲ ಎಂದಿಟ್ಟುಕೊಂಡರೆ 15,349 ಕಿಲೋಮೀಟರ್ ಕ್ರಮಿಸಲು 17 ಗಂಟೆ 3 ನಿಮಿಷ ಬೇಕು. ಪೆಸಿಫಿಕ್ ದಾರಿಯಲ್ಲಿ ಸರಾಸರಿ 100 ಕಿಲೋಮೀಟರ್ ವೇಗದ ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ, ವಿಮಾನ ನೆಲದ ಮೇಲೆ ಗಂಟೆಗೆ 1,000 ಕಿಲೋಮೀಟರ್ ಸಾಗುತ್ತದೆ. 16,200 ಕಿಲೋಮೀಟರಿಗೆ 16 ಗಂಟೆ 12 ನಿಮಿಷ ಸಾಕು. ದಾರಿ ಎಂಟುನೂರೈವತ್ತು ಕಿಲೋಮೀಟರ್ ಹೆಚ್ಚಾದರೂ ಐವತ್ತೊಂದು ನಿಮಿಷ ಉಳಿಯಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆ 16 ಗಂಟೆ 12 ನಿಮಿಷಗಳಲ್ಲಿ ವಿಮಾನವು ಗಾಳಿಯನ್ನು ಸೀಳಿಕೊಂಡು ಸಾಗಿದ್ದು 14,580 ಕಿಲೋಮೀಟರ್ ಮಾತ್ರ. ಎಂಜಿನ್‌ಗಳು ದುಡಿಯುವುದು ಈ ಗಾಳಿಯಲ್ಲಿನ ದೂರಕ್ಕಾಗಿ, ನೆಲದ ಮೇಲಿನ ದೂರಕ್ಕಾಗಿ ಅಲ್ಲ. ವಿಮಾನ ಹೊರಡುವ ಮೊದಲು ಹಾರಾಟದ ಯೋಜನೆ ಸಿದ್ಧಪಡಿಸುವವರು ಹುಡುಕುವುದೂ ಇದರ ಅತಿ ಕಡಿಮೆ ಮೊತ್ತವನ್ನು. ಭೂಪಟದಲ್ಲಿ ಉದ್ದವಾಗಿ ಕಾಣುವ ದಾರಿಯೇ ಎಷ್ಟೋ ದಿನ ಕಡಿಮೆ ಇಂಧನದ ದಾರಿಯಾಗಿರುತ್ತದೆ. ಸಮಯ ಮತ್ತು ಇಂಧನ ಎರಡರ ದೃಷ್ಟಿಯಿಂದಲೂ ನೆಲದ ಮೇಲಿನ ಕಿಲೋಮೀಟರ್‌ಗಳಿಗೆ ನಾವು ಕೊಡುತ್ತಿರುವ ಮಹತ್ವ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿ ದಿನವೂ ಬದಲಾಗುವುದರಿಂದ ದಾರಿಯೂ ಬದಲಾಗುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನಗಳ ದಟ್ಟಣೆ ಹೆಚ್ಚಿರುವುದರಿಂದ ಅಂದಂದಿನ ಗಾಳಿಯನ್ನು ನೋಡಿ ದಿನಕ್ಕೆ ಎರಡು ಬಾರಿ ಹೊಸ ಮಾರ್ಗಗಳ ಗುಚ್ಛವನ್ನೇ ಪ್ರಕಟಿಸುತ್ತಾರೆ. ನೀವು ನಾಳೆ ಅದೇ ಸಿಂಗಾಪುರದ ವಿಮಾನದ ಜಾಡನ್ನು ನೋಡಿದರೆ ಬೇರೊಂದು ಅಂಕಿಯೇ ಸಿಗಬಹುದು, ಹಿಂದಿರುಗುವ ವಿಮಾನದ್ದಂತೂ ಇನ್ನೂ ಬೇರೆ.

ಗಾಳಿಯೊಂದೇ ಕಾರಣವಲ್ಲ. ಸಿಂಗಾಪುರ–ನ್ಯೂಯಾರ್ಕ್ ನೇರ ರೇಖೆಯನ್ನೇ ಮತ್ತೆ ನೋಡಿ. ಅದು ಟಿಬೆಟ್ ಪ್ರಸ್ಥಭೂಮಿಯ ಪೂರ್ವ ಅಂಚಿನ ಎತ್ತರದ ಪರ್ವತಗಳ ಮೇಲೆ ಹಾದುಹೋಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಪ್ರಯಾಣಿಕರು ಸಹಜವಾಗಿ ಉಸಿರಾಡಬಲ್ಲ 10,000 ಅಡಿ ಎತ್ತರಕ್ಕೆ ಪೈಲಟ್‌ಗಳು ಬೇಗನೆ ಇಳಿಯಬೇಕು. ಕೆಳಗಿನ ನೆಲವೇ ಅದಕ್ಕಿಂತ ಎತ್ತರವಾಗಿದ್ದರೆ ಇಳಿಯುವುದೆಲ್ಲಿಗೆ? ಅಂತಹ ಪ್ರದೇಶವನ್ನು ದಾಟಬೇಕಾದರೆ ಹೆಚ್ಚಿನ ಆಮ್ಲಜನಕವನ್ನೂ ತಪ್ಪಿಸಿಕೊಳ್ಳುವ ದಾರಿಗಳನ್ನೂ ಮೊದಲೇ ಸಿದ್ಧಪಡಿಸಿಕೊಂಡಿರಬೇಕು. ಧ್ರುವದ ಬಳಿ ಚಳಿಯ ತೊಂದರೆ. ಜೆಟ್ ಎ-1 ಇಂಧನದ ಘನೀಭವನ ಮಿತಿ ಮೈನಸ್ 47 ಡಿಗ್ರಿ ಸೆಲ್ಸಿಯಸ್, ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಜೆಟ್ ಎ ಇಂಧನದ್ದು ಮೈನಸ್ 40. ಆದ್ದರಿಂದ ಅಲ್ಲಿ ಹಾರುವಾಗ ಟ್ಯಾಂಕಿನೊಳಗಿನ ಇಂಧನದ ಉಷ್ಣತೆಯ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಎರಡೇ ಎಂಜಿನ್‌ಗಳ ವಿಮಾನಗಳು ಒಂದು ಎಂಜಿನ್ ಕೆಟ್ಟರೂ ನಿಗದಿತ ಅವಧಿಯೊಳಗೆ ಯಾವುದಾದರೊಂದು ನಿಲ್ದಾಣ ತಲುಪುವಂತಿರಬೇಕೆಂಬ ನಿಯಮವೂ ಇದೆ.

ದೇಶಗಳ ನಡುವಿನ ಜಗಳವು ದಾರಿಯನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಹೆಲ್ಸಿಂಕಿ–ಟೋಕಿಯೋ ಹಾರಾಟಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಈ ಎರಡು ನಗರಗಳ ನಡುವಿನ ಮಹಾವೃತ್ತದ ದೂರ ಸುಮಾರು 7,800 ಕಿಲೋಮೀಟರ್, ಅದರಲ್ಲಿ ಬಹುಪಾಲು ರಷ್ಯಾದ ಮೇಲೆಯೇ ಸಾಗುತ್ತದೆ. ಸೋವಿಯತ್ ಒಕ್ಕೂಟದ ಆಕಾಶ ತೆರೆದಿರದ ಕಾಲದಲ್ಲಿ, 1983ರಲ್ಲಿ, ಫಿನ್‌ಏರ್ ಸಂಸ್ಥೆಯು ಡಿಸಿ-10 ವಿಮಾನವನ್ನು ಉತ್ತರ ಧ್ರುವದ ದಾರಿಯಾಗಿ ಎಲ್ಲಿಯೂ ನಿಲ್ಲಿಸದೆ ಟೋಕಿಯೋಗೆ ಹಾರಿಸಲು ಆರಂಭಿಸಿತು. ಮುಂದೆ ರಷ್ಯಾದ ಮೇಲಿನ ದಾರಿ ತೆರೆದಾಗ ಪ್ರಯಾಣ ಒಂಬತ್ತು ಗಂಟೆಗಳ ಆಸುಪಾಸಿಗೆ ಇಳಿಯಿತು. 2022ರಲ್ಲಿ ಉಕ್ರೇನ್ ಯುದ್ಧದ ನಂತರ ಆ ಆಕಾಶ ಯುರೋಪಿನ ವಿಮಾನಗಳಿಗೆ ಮತ್ತೆ ಮುಚ್ಚಿತು, ಪ್ರಯಾಣ ಮತ್ತೆ ಹದಿಮೂರು ಗಂಟೆಗಳ ಹತ್ತಿರಕ್ಕೆ ಹೋಯಿತು. ಈ ನಾಲ್ಕು ದಶಕಗಳಲ್ಲಿ ಎರಡು ನಗರಗಳ ನಡುವಿನ ದೂರ ಒಂದು ಮೀಟರೂ ಬದಲಾಗಿಲ್ಲ.

ಇನ್ನೊಂದು ತುದಿಯ ಉದಾಹರಣೆ 2005ರ ನವೆಂಬರ್ ತಿಂಗಳಿನದು. ಬೋಯಿಂಗ್ 777-200ಎಲ್ಆರ್ ವಿಮಾನವೊಂದು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಬೇಕೆಂದೇ ಪೂರ್ವದ ದಾರಿ ಹಿಡಿದು, ಪೆಸಿಫಿಕ್, ಉತ್ತರ ಅಮೆರಿಕ, ಅಟ್ಲಾಂಟಿಕ್‌ಗಳನ್ನು ದಾಟಿ 21,602 ಕಿಲೋಮೀಟರ್ ಹಾರಿ, 22 ಗಂಟೆ 42 ನಿಮಿಷಗಳ ನಂತರ ಇಳಿದು ದಾಖಲೆ ಬರೆಯಿತು. ಆ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 9,650 ಕಿಲೋಮೀಟರ್ ಮಾತ್ರ. ಇಪ್ಪತ್ತು ಸಾವಿರ ದಾಟಿದ ಅಂಕಿ ಸುತ್ತುಬಳಸಿನದು ಎಂದು ಮೊದಲು ಹೇಳಿದೆನಲ್ಲ, ಇದು ಅದಕ್ಕೆ ತಕ್ಕ ನಿದರ್ಶನ.

ದಿನದಿನಕ್ಕೆ ಬದಲಾಗುವ ಅಂಕಿಯನ್ನು ಕಾನೂನಿನಲ್ಲಿ ಬಳಸಲಾಗದು. ಅದಕ್ಕಾಗಿಯೇ ಯುರೋಪಿಯನ್ ಒಕ್ಕೂಟವು ವಿಮಾನ ವಿಳಂಬಕ್ಕೆ ಪರಿಹಾರ ಕೊಡುವ 2004ರ ನಿಯಮದಲ್ಲಿ ದೂರವನ್ನು ಮಹಾವೃತ್ತದ ವಿಧಾನದಿಂದಲೇ ಅಳೆಯಬೇಕೆಂದು ವಿಧಿಸಿದೆ. ರೋಮ್‌ನಿಂದ ಬ್ರಸೆಲ್ಸ್ ಮಾರ್ಗವಾಗಿ ಹ್ಯಾಂಬರ್ಗ್‌ಗೆ ಹೋದ ಪ್ರಯಾಣಿಕರ ಪ್ರಕರಣವೊಂದು ಒಕ್ಕೂಟದ ನ್ಯಾಯಾಲಯದ ಮುಂದೆ ಬಂದಾಗ ಇದರ ಮಹತ್ವ ಬೆಳಕಿಗೆ ಬಂತು. ಎರಡು ಹಾರಾಟಗಳನ್ನು ಕೂಡಿಸಿದರೆ 1,656 ಕಿಲೋಮೀಟರ್, ರೋಮ್‌ನಿಂದ ಹ್ಯಾಂಬರ್ಗ್‌ಗೆ ನೇರವಾಗಿ ಅಳೆದರೆ 1,326. ಪರಿಹಾರದ ಮೊತ್ತ ಏರುವ ಗಡಿ 1,500 ಕಿಲೋಮೀಟರ್. ಎಲ್ಲಿ ಇಳಿದು ಹತ್ತಿದರೂ ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೆ ಇರುವ ಮಹಾವೃತ್ತದ ದೂರವನ್ನೇ ಪರಿಗಣಿಸಬೇಕೆಂದು ನ್ಯಾಯಾಲಯ 2017ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಇಂತಹ ಕೆಲಸಗಳಿಗೆ ಮಹಾವೃತ್ತದ ಸ್ಥಿರವಾದ ಅಂಕಿಯೇ ಬೇಕು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಬರೆದಿಡಬೇಕಾದ ಮೂಲ ಅಂಕಿ 15,349 ಕಿಲೋಮೀಟರ್, ಪಕ್ಕದಲ್ಲಿ ಡಬ್ಲ್ಯುಜಿಎಸ್ 84 ಎಂದು ನಮೂದಿಸಿ. ಏರುವ, ಇಳಿಯುವ ಮತ್ತು ಬಳಸುವ ದೂರಕ್ಕಾಗಿ ಅದಕ್ಕೆ ಸ್ವಲ್ಪ ಸೇರಿಸಬೇಕು. ಯುರೋಪಿಯನ್ ಒಕ್ಕೂಟದ ಹೊರಸೂಸುವಿಕೆ ವಹಿವಾಟಿನ ವ್ಯವಸ್ಥೆಯು ಟನ್–ಕಿಲೋಮೀಟರ್ (ಹೊತ್ತ ಭಾರವನ್ನು ದೂರದಿಂದ ಗುಣಿಸಿದ ಮೊತ್ತ) ಎಣಿಸಲು ಪ್ರತಿ ಹಾರಾಟದ ಮಹಾವೃತ್ತದ ದೂರಕ್ಕೆ 95 ಕಿಲೋಮೀಟರ್ ಸೇರಿಸುವ ಕ್ರಮವನ್ನು ಹಾಕಿಕೊಟ್ಟಿದೆ. ಅದೇ ಕ್ರಮವನ್ನು ನೀವೂ ಅನುಸರಿಸಿದರೆ 15,444 ಬರುತ್ತದೆ. ಆದರೆ ದಾರಿಯಲ್ಲಿ ವಿಮಾನ ಬದಲಿಸಿದ್ದರೆ, ಪರಿಹಾರದ ನಿಯಮಕ್ಕೆ ವಿರುದ್ಧವಾಗಿ, ಇಲ್ಲಿ ಪ್ರತಿ ಹಾರಾಟವನ್ನೂ ಬೇರೆಬೇರೆಯಾಗಿಯೇ ಎಣಿಸಿ ಕೂಡಿಸಬೇಕು, ಏಕೆಂದರೆ ಇಂಧನ ಉರಿದದ್ದು ಎರಡರಲ್ಲಿಯೂ.

ಇಷ್ಟಾದರೂ ದೂರವೆಂಬುದು ಇಂಧನವನ್ನು ಊಹಿಸಲು ನಾವು ಬಳಸುವ ಸಾಧನ ಮಾತ್ರ ಎಂಬುದನ್ನು ಮರೆಯಬಾರದು. ಇಷ್ಟು ದೀರ್ಘ ಹಾರಾಟಗಳಲ್ಲಿ ಆ ಊಹೆ ಇನ್ನೂ ಸಡಿಲವಾಗುತ್ತದೆ. ಸಿಂಗಾಪುರ ಏರ್‌ಲೈನ್ಸ್ ಈ ಮಾರ್ಗಕ್ಕೆ ಬಳಸುವ ಏರ್‌ಬಸ್ ಎ350-900ಯುಎಲ್ಆರ್ ವಿಮಾನದ ಟ್ಯಾಂಕುಗಳಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ, ಆಸನಗಳು ಮಾತ್ರ 161. ಪ್ರಯಾಣದ ಕೊನೆಯ ಗಂಟೆಗಳಲ್ಲಿ ಉರಿಯಬೇಕಾದ ಇಂಧನವನ್ನು ಮೊದಲಿನಿಂದಲೂ ಹೊತ್ತುಕೊಂಡೇ ಹಾರಬೇಕು, ಹಾಗೆ ಹೊರುವುದಕ್ಕೂ ಇಂಧನ ಬೇಕು. ಹಾಗಾಗಿ ಮಧ್ಯಮ ದೂರದ ಹಾರಾಟಕ್ಕೆ ಕೊಟ್ಟಿರುವ ಪ್ರತಿ ಕಿಲೋಮೀಟರಿನ ಸರಾಸರಿಯನ್ನು ಇಲ್ಲಿಗೆ ತಂದು ಗುಣಿಸಿದರೆ ಉತ್ತರ ಇರಬೇಕಾದದ್ದಕ್ಕಿಂತ ಕಡಿಮೆ ಬರುವ ಸಂಭವವೇ ಹೆಚ್ಚು. ವಿಮಾನ ಸಂಸ್ಥೆಯು ಆ ಮಾರ್ಗದಲ್ಲಿ ಉರಿದ ಇಂಧನದ ಪ್ರಮಾಣವನ್ನು ತಿಳಿಸಿದ್ದರೆ ದೂರವನ್ನು ಪಕ್ಕಕ್ಕಿಟ್ಟು ಆ ಅಂಕಿಯಿಂದಲೇ ಆರಂಭಿಸಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಲೆಕ್ಕದಂತೆ ಒಂದು ಕಿಲೋ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಒಟ್ಟು ಇಂಧನವನ್ನು ಅದರಿಂದ ಗುಣಿಸಿ, ಪ್ರಯಾಣಿಕರ ನಡುವೆ ಹಂಚಿ, ನಿಮ್ಮ ಪಾಲನ್ನು ಬರೆದುಕೊಳ್ಳಿ. ಆ್ಯಪ್‌ನಲ್ಲಿ ಕಂಡ 16,200ನ್ನು ದಿನಾಂಕದೊಂದಿಗೆ ಬೇರೆ ಅಂಕಣದಲ್ಲಿಡಿ, ಆದರೆ ಗುಣಾಕಾರಕ್ಕೆ ತರಬೇಡಿ.